ಕೆಂಡದ ಲೆಕ್ಕ

ಬೆಳಿಗ್ಗೆಯಿಂದ ಕೋನಪ್ಪ ಬರೆದದ್ದು ತಲೆಬರಹ ಒಂದನ್ನೇ. ಬಾಯ್ಲರ್ ಟ್ರಯಲ್ ಎಂದು ಇಂಗ್ಲಿಷಿನಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದು, ಕೆಳಗೆ ಸ್ಕೇಲಿಟ್ಟು ಎರಡು ಗೆರೆ ಎಳೆದು, ಎರಡನೆಯ ಗೆರೆಯ ತುದಿಯಲ್ಲಿ ಹರಡಿದ ಶಾಯಿಯನ್ನು ಬ್ಲೇಡಿನಿಂದ ಕೆರೆದು, ಕೆರೆದಲ್ಲಿ ಕಾಗದ ಜುಂಗೆದ್ದದ್ದನ್ನು ಉಗುರಿನಿಂದ ತೀಡುತ್ತ ಕೂತಿದ್ದ. ಇಂಥ ಕೆಲಸದಲ್ಲಿ ಅವನನ್ನು ಮೀರಿಸುವವರಿಲ್ಲ. ಬರೆಯಬೇಕಾದ್ದನ್ನು ಬರೆಯದೆ ಒಂದಿಡೀ ಬೆಳಗು ಕಳೆಯಲು ಅವನಿಗೆ ಒಂದು ಶಾಯಿಯ ಕಲೆ ಸಾಕು. ರಫ್ ಕಾಪಿ ಪಕ್ಕದಲ್ಲೇ ಇತ್ತು. ಅದನ್ನು ನೋಡಿ ಹಾಗೆಯೇ ಇಳಿಸಬೇಕು. ಸಂಜೆಯೊಳಗೆ ಫೇರ್ ಕಾಪಿ ಮುಗಿಸಿ, ಗೂಡಿನಿಂದ ರೇಷ್ಮೆ ನೂಲು ತೆಗೆಯುವ ಫಿಲೇಚರಿಗೆ ಒಯ್ದು, ಟ್ರಯಲ್ ನಡೆದದ್ದು ನಿಜವೆಂದು ಧಣಿ ನರಸಿಂಹಪ್ಪನವರ ರುಜು ಹಾಕಿಸಿಕೊಂಡು, ಸೋಮವಾರ ಚಿಕ್ಕಬಳ್ಳಾಪುರದ ಪಾಲಿಟೆಕ್ನಿಕ್ಕಿನಲ್ಲಿ ಲೆಕ್ಚರರ್ ವೆಂಕಟರಾಮಪ್ಪನವರ ಮೇಜಿನ ಮೇಲಿಡಬೇಕು. ಇಷ್ಟೇ. ಆದರೆ ರಫ್ ಕಾಪಿಯ ಕೊನೆಯ ಪುಟದಲ್ಲಿ ಒಂದು ಸಾಲಿತ್ತು. ಅದನ್ನು ಇಳಿಸಿದರೆ ಬಾಯ್ಲರಿಗೆ ಬೆಂಕಿ ಹಾಕುವ ಅಸ್ಗರನ ಕೆಲಸ ಹೋಗುತ್ತದೆ. ಇಳಿಸದಿದ್ದರೆ ಲೆಕ್ಕ ಕೂಡುವುದಿಲ್ಲ.

ಮನೆಯಲ್ಲಿ ಸದ್ದೇ ಇರಲಿಲ್ಲ. ಮನೆಯೆಂದರೆ ಶಿಡ್ಲಘಟ್ಟದ ಆ ಗಲ್ಲಿಯ ಎಲ್ಲ ಮನೆಗಳಂತೆ ಒಂದೇ ಕೋಣೆ. ಅದರಲ್ಲಿ ಅರ್ಧ ಭಾಗ ಹುಳುವಿನ ತಟ್ಟೆಗಳ ಅಟ್ಟಣೆ, ಮಿಕ್ಕ ಅರ್ಧದಲ್ಲಿ ಒಲೆ, ಚಾಪೆ, ಅಕ್ಕ, ಮತ್ತು ಡಿಪ್ಲೊಮಾ ಓದುವ ತಮ್ಮ. ಭಾವ ಲಾರಿಯ ಮೇಲೆ ಊರೂರು ತಿರುಗುವವನು, ಬಂದಾಗ ಬಂದ. ಅಕ್ಕಯಮ್ಮ ಹಗಲೆಲ್ಲ ಫಿಲೇಚರಿನಲ್ಲಿ ಬಿಸಿನೀರ ಬೋಗುಣಿಯ ಮುಂದೆ ಕೂತು ಗೂಡಿನಿಂದ ಎಳೆ ತೆಗೆಯುತ್ತಾಳೆ, ಮುಂಜಾವ ಸಂಜೆ ಈ ಹುಳುವಿಗೆ ಸೊಪ್ಪು ಹಾಕುತ್ತಾಳೆ. ಅಂಬಾಜಿದುರ್ಗದ ಕೆಳಗಿನ ಹಳ್ಳಿಯಿಂದ ತಮ್ಮನನ್ನು ಕರೆತಂದು ಇಟ್ಟುಕೊಂಡವಳೂ ಅವಳೇ. ಚಿಕ್ಕ ರೈಲಿನಲ್ಲಿ ದಿನಾ ಚಿಕ್ಕಬಳ್ಳಾಪುರಕ್ಕೆ ಹೋಗಿಬರಲಿ, ಇಂಜಿನಿಯರಾಗಲಿ ಎಂದು. ಪಾಲಿಟೆಕ್ನಿಕ್ಕಿನಲ್ಲಿ ಓದಿದವನು ಇಂಜಿನಿಯರಲ್ಲ, ಬರೀ ಸೂಪರ್‌ವೈಸರ್ ಎಂದು ಅವನು ಹೇಳಿದರೆ ಅವಳು ನಂಬುವುದಿಲ್ಲ. ಹುಳುಗಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ತಲೆಯೆತ್ತಿ ಸುಮ್ಮನೆ ಮಲಗುವುದಕ್ಕೆ ಈ ಕಡೆ ಜ್ವರ ಎನ್ನುತ್ತಾರೆ. ಇವು ಎರಡನೆಯ ಜ್ವರಕ್ಕೆ ಮಲಗಿದ್ದವು. ಇಷ್ಟು ಹೊತ್ತಿಗೆ ಎದ್ದು ಸೊಪ್ಪಿನ ಮೇಲೆ ಬೀಳಬೇಕಿತ್ತು. ಪುಷ್ಯದ ಚಳಿ ಗೋಡೆಯಲ್ಲೇ ಕೂತಿತ್ತು, ಹುಳು ಏಳಲಿಲ್ಲ. ಬೆಳಿಗ್ಗೆ ಅಕ್ಕ ಒಂದು ತಟ್ಟೆಯನ್ನು ಹೊರಗೆ ಒಯ್ದು ಕೊಡವಿ ಬಂದಳು. ಕೊಡವಿದ್ದು ಸತ್ತ ಹುಳು.

ಪ್ರತಿ ಚಳಿಗಾಲವೂ ಈ ಕೋಣೆ ಬೆಚ್ಚಗಿರುತ್ತಿತ್ತು. ಫಿಲೇಚರಿನಲ್ಲಿ ಸಂಜೆ ಕೆಲಸ ಬಿಟ್ಟಾಗ ಅಸ್ಗರ್ ಬಾಯ್ಲರಿನ ಒಲೆಯ ಬಾಯಿ ತೆಗೆದು ಉದ್ದ ಕೊಕ್ಕೆಯಿಂದ ಕೆಂಡವನ್ನೆಲ್ಲ ಹೊರಗೆ ಎಳೆಯುವನು. ಹೆಂಗಸರು ಒಡಕು ಮಡಕೆಯ ಓಡು ಹಿಡಿದು ಸಾಲಾಗಿ ನಿಲ್ಲುವರು. ಒಬ್ಬೊಬ್ಬರಿಗೂ ಎರಡೆರಡು ಸಲಿಕೆ ಕೆಂಡ. ಅದನ್ನು ಬೂದಿ ಮುಚ್ಚಿ ಮನೆಗೆ ಒಯ್ದು ಹುಳುವಿನ ಅಟ್ಟಣೆಯ ಕೆಳಗಿಟ್ಟರೆ ಬೆಳಗಿನ ತನಕ ಕಾವು. ಇದನ್ನು ಯಾರೂ ಯಾರಿಂದಲೂ ಕೇಳಿ ಪಡೆದದ್ದಲ್ಲ, ಯಾರೂ ಕೊಡುತ್ತೇನೆಂದು ಹೇಳಿದ್ದೂ ಅಲ್ಲ. ಫಿಲೇಚರು ಕಟ್ಟಿದಾಗಿನಿಂದ ಹಾಗೇ ನಡೆದು ಬಂದಿತ್ತು. ಆ ಕೆಂಡದ ಕಾವಿನಲ್ಲಿ ಕೋನಪ್ಪ ಎಷ್ಟೋ ಸಲ ಕಾಲು ಚಾಚಿಕೊಂಡು ಓದಿದ್ದಾನೆ. ಥರ್ಮೋಡೈನಮಿಕ್ಸಿನ ಮೊದಲ ನಿಯಮವನ್ನು ಬಾಯಿಪಾಠ ಮಾಡಿದ್ದೇ ಅಲ್ಲಿ. ಅದು ಎಲ್ಲಿಂದ ಬರುತ್ತದೆಂದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಟ್ರಯಲಿನ ದಿನ ಮಾತ್ರ ಗೊತ್ತಿಲ್ಲದವನ ಹಾಗೆ ನಿಂತಿದ್ದ.

ಪಾಲಿಟೆಕ್ನಿಕ್ಕಿನಲ್ಲಿ ಬಾಯ್ಲರಿಲ್ಲ, ಬರುತ್ತದೆ ಎಂದು ಪ್ರತಿ ವರ್ಷ ಹೇಳುತ್ತಾರೆ. ಅದಕ್ಕೆ ವೆಂಕಟರಾಮಪ್ಪನವರು ನರಸಿಂಹಪ್ಪನವರಲ್ಲಿ ಮಾತಾಡಿ ಕ್ಲಾಸನ್ನು ಶಿಡ್ಲಘಟ್ಟಕ್ಕೇ ಕರೆತಂದರು. ಹುಡುಗರಿಗೆ ಅದು ಪಿಕ್‌ನಿಕ್ಕು. ಗೂಡು ಬೇಯುವ ವಾಸನೆಗೆ ಮೂಗಿಗೆ ಕರ್ಚೀಫು ಹಿಡಿದುಕೊಂಡು, ಹೆಂಗಸರ ಬೆರಳು ನೋಡ್ರೋ, ನೀರಲ್ಲಿ ನೆನೆಹಾಕಿದ ಕಡಲೆ ಥರ ಇವೆ ಎಂದು ನಗುತ್ತ ಓಡಾಡಿದರು. ಕೋನಪ್ಪನೂ ಕರ್ಚೀಫು ಹಿಡಿದಿದ್ದ. ಆ ವಾಸನೆ ಅವನ ಅಂಗಿಯಲ್ಲಿ, ಅವನು ಉಣ್ಣುವ ಅನ್ನದಲ್ಲಿ ಇರುವ ವಾಸನೆ. ಬೋಗುಣಿಗಳ ಸಾಲಿನಲ್ಲಿ ಅಕ್ಕ ಅವನನ್ನು ನೋಡಿದಳು, ಮುಖ ಅರಳಿತು. ಅವನು ಪ್ರೆಶರ್ ಗೇಜಿನ ಕಡೆ ತಿರುಗಿದ. ಸೌದೆ ತೂಗಿದರು, ನೀರು ಅಳೆದರು, ಹೊಗೆಯ ಕಾವು ನೋಡಿದರು. ಉರಿದ ಸೌದೆಯ ಶಾಖ ಎಲ್ಲೆಲ್ಲಿಗೆ ಹೋಯಿತೆಂದು ಲೆಕ್ಕ ಕೂಡಿಸುವುದೇ ಟ್ರಯಲ್. ಸಂಜೆ ಒಲೆಯ ಬಾಯಿ ತೆಗೆದು ಕೆಂಡ ಎಳೆದಾಗ ಉಳಿದವರೆಲ್ಲ ಟೀಗೆ ಹೋದರು. ಅವನೊಬ್ಬ ನಿಂತ. ಶಾಖ ಎಲ್ಲಿಗೆ ಹೋಯ್ತು, ಹೇಳ್ರೋ, ಅದಕ್ಕೇನು ಕಾಲಿದೆಯಾ ಎಂದು ವೆಂಕಟರಾಮಪ್ಪನವರು ಕ್ಲಾಸಿನಲ್ಲಿ ದಿನಾ ಬೈಯುವ ಮಾತು ಅವನ ತಲೆಯಲ್ಲಿ ಎದ್ದಿತ್ತು. ಸೌದೆ ತೂಗುವ ತಕ್ಕಡಿ ಅಲ್ಲೇ ಇತ್ತು. ಒಬ್ಬೊಬ್ಬರ ಓಡನ್ನೂ ತಕ್ಕಡಿಯ ಮೇಲೆ ಇಡಿಸಿ ಪೆನ್ಸಿಲಿನಿಂದ ಬರೆದುಕೊಂಡ. ಹೆಂಗಸರು ಕಿಸಕ್ಕೆಂದು ನಗುತ್ತ ಇಟ್ಟರು, ತೆಗೆದರು. ಅಕ್ಕನ ಸರದಿ ಬಂತು. ಟೀ ಮುಗಿಸಿ ಬಂದ ಇಬ್ಬರು ಹುಡುಗರು ಹಿಂದೆಯೇ ನಿಂತಿದ್ದರು. ಅಕ್ಕ ಓಡು ಇಟ್ಟು ಅವನ ಮುಖ ನೋಡಿ, "ಆಯ್ತೇನಪ್ಪಾ?" ಎಂದಳು. ಅವನು ಮುಳ್ಳನ್ನೇ ನೋಡುತ್ತ, "ಆಯ್ತು, ಮುಂದೆ ಹೋಗಮ್ಮ" ಎಂದ. ಯಾರೋ ಪರಸ್ಥಳದ ಹೆಂಗಸಿಗೆ ಹೇಳಿದ ಹಾಗೆ. ಅಕ್ಕ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಮುಂದೆ ಹೋದಳು. ಈಗಲೂ ಅದನ್ನು ನೆನೆದರೆ ಅವನಿಗೆ ತನ್ನ ನಾಲಗೆಯನ್ನು ಕಿತ್ತು ಬಿಸಾಡಬೇಕೆನಿಸುತ್ತದೆ.

ಉಳಿದವರ ರಿಪೋರ್ಟುಗಳೆಲ್ಲ ಹೋದ ವರ್ಷದವರ ರಿಪೋರ್ಟಿನ ನಕಲು. ಎಲ್ಲಿಗೆ ಹೋಯಿತೆಂದು ತಿಳಿಯದ ಶಾಖವನ್ನು ಕೊನೆಯ ಸಾಲಿಗೆ ತಳ್ಳಿ, ಲೆಕ್ಕಕ್ಕೆ ಸಿಗದ ನಷ್ಟ ಎಂದು ಬರೆದು ಕೈತೊಳೆದಿದ್ದರು. ಕೋನಪ್ಪನ ರಫ್ ಕಾಪಿಯಲ್ಲಿ ಮಾತ್ರ ಆ ಸಾಲು ಇಷ್ಟೇ ಇಷ್ಟು. ಅದರ ಮೇಲೆ ಹೊಸದೊಂದು ಸಾಲು: ಒಲೆಯಿಂದ ತೆಗೆದು ಕೆಲಸದವರು ಒಯ್ದ ಕೆಂಡದಲ್ಲಿ ಹೋದ ಶಾಖ. ಅದು ಸಣ್ಣ ಅಂಕಿಯಾಗಿರಲಿಲ್ಲ. ವೆಂಕಟರಾಮಪ್ಪನವರು ಕ್ಲಾಸಿನಲ್ಲಿ ಅವನನ್ನು ಎದ್ದು ನಿಲ್ಲಿಸಿದರು. ಮೊದಲ ದಿನ ಹೆಸರು ಕೇಳಿ, ಎಷ್ಟು ಡಿಗ್ರಿ ಕೋನ ಕಣೋ ನೀನು ಎಂದು ಇಡೀ ಕ್ಲಾಸು ನಕ್ಕಿತ್ತಲ್ಲ, ಅದೇ ಕ್ಲಾಸು ಈಗ ತಿರುಗಿ ನೋಡಿತು. "ನೋಡ್ರಯ್ಯಾ, ಇವನು ಕಣ್ಣು ಬಿಟ್ಕೊಂಡು ನೋಡಿ ಬರ್ದಿದ್ದಾನೆ. ಇದು ರಿಪೋರ್ಟು" ಎಂದರು. ಹುಟ್ಟಿದಾಗಿನಿಂದ ಯಾರೂ ಅವನ ಬಗ್ಗೆ ಹಾಗೆ ಹೇಳಿರಲಿಲ್ಲ. ಆ ಸಂಜೆ ಚಿಕ್ಕ ರೈಲಿನ ಬಾಗಿಲಲ್ಲಿ ನಿಂತು, ಕತ್ತಲಾಗುತ್ತಿದ್ದ ಹಿಪ್ಪುನೇರಳೆ ತೋಟಗಳನ್ನು ನೋಡುತ್ತ, ಅವನು ಒಬ್ಬನೇ ನಗುತ್ತಿದ್ದ. ಆ ನಗು ಈಗ ಅವನಿಗೆ ಹೇಸಿಗೆ.

ಯಾಕೆಂದರೆ ವೆಂಕಟರಾಮಪ್ಪನವರು ಸಂತೋಷ ತಡೆಯಲಾರದೆ ಅದನ್ನು ನರಸಿಂಹಪ್ಪನವರಿಗೂ ಹೇಳಿದ್ದರು. ನಿಮ್ಮ ಸೌದೆಯಲ್ಲಿ ಇಷ್ಟು ಪಾಲು ಓಡಿನಲ್ಲಿ ಹೊರಗೆ ಹೋಗ್ತಿದೆ ಸ್ವಾಮಿ, ನಮ್ಮ ಹುಡುಗನೇ ಕಂಡುಹಿಡಿದ ಎಂದು. ಕೆಟ್ಟದ್ದು ಮಾಡಬೇಕೆಂದು ಹೇಳಿದ್ದಲ್ಲ, ವಿದ್ಯೆಯಿಂದ ಉಪಯೋಗವಾಗಲಿ ಎಂದು ಹೇಳಿದ್ದು. ಮರುದಿನವೇ ಕೆಂಡ ನಿಂತಿತು. ಒಲೆಯಿಂದ ಎಳೆದ ಕೆಂಡಕ್ಕೆ ಅಲ್ಲೇ ನೀರು ಸುರಿದರು. ಹೆಂಗಸರು ಓಡು ಹಿಡಿದು ನಿಂತವರು ಹಬೆ ನೋಡಿಕೊಂಡು ವಾಪಸು ಬಂದರು. ಧಣಿ ಅಸ್ಗರನಿಗೆ, ಪಾಲಿಟೆಕ್ನಿಕ್ಕಿನಿಂದ ಫೇರ್ ಕಾಪಿ ಬರಲಿ, ಅದರಲ್ಲೂ ಹಾಗೇ ಇದ್ದರೆ ನಿನ್ನ ದಾರಿ ನೀನು ನೋಡಿಕೋ, ಅಲ್ಲಿಯ ತನಕ ಬರಬೇಡ ಎಂದರು. ಅಕ್ಕ ಇದನ್ನೆಲ್ಲ ಊಟ ಬಡಿಸುತ್ತ ಹೇಳಿದ್ದಳು. "ನಿಮ್ಮ ಮೇಷ್ಟ್ರು ಏನೋ ಬರ್ದವ್ರಂತಪ್ಪಾ, ಅದಕ್ಕೆ ಹಿಂಗಾಯ್ತಂತೆ." ಅವನು ತಲೆಯೆತ್ತದೆ ಮುದ್ದೆ ಮುರಿಯುತ್ತ "ಹೂಂ" ಎಂದಿದ್ದ. ತಾನು ತೂಗಿದ್ದು ಮೇಷ್ಟ್ರು ಹೇಳಿದ್ದಕ್ಕೆ, ಬರೆದದ್ದು ಮೇಷ್ಟ್ರೇ ಎಂದು ಗಲ್ಲಿಯವರೆಲ್ಲ ನಂಬಿದ್ದಾರೆಂದುಕೊಂಡ.

ಮಧ್ಯಾಹ್ನ ಬಾಗಿಲಲ್ಲಿ ನೆರಳು ಬಿತ್ತು. ಅಸ್ಗರನೇ. ಕೆಲಸವಿಲ್ಲದ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದ. ಬೆಂಕಿಯ ಮುಂದೆ ಕೆಂಪಗೆ ದೊಡ್ಡದಾಗಿ ಕಾಣುತ್ತಿದ್ದವನು ಬಿಸಿಲಲ್ಲಿ ಸಣಕಲಾಗಿ, ಮುದುಕನಾಗಿ ಕಂಡ.

"ಬರೀತಾ ಇದ್ದೀರಾ ಸ್ವಾಮಿ? ಬರೀರಿ, ಬರೀರಿ. ನಾನು ಇಲ್ಲೇ ಕೂತ್ಕೋತೀನಿ."

"ಒಳಗೆ ಬಾ ಅಸ್ಗರ್."

"ಬೇಡ, ಹುಳು ಮಲಗಿವೆ. ಹೊರಗಿನೋರು ಬರಬಾರ್ದು." ಹೊಸಲಿನ ಹೊರಗೇ ಕುಕ್ಕರುಗಾಲಲ್ಲಿ ಕೂತ. "ನಮ್ಮ ಮನೆಯೋಳು ರಹಮತುನ್ನೀಸಾ ಹೇಳಿದ್ಲು, ಆ ಇಂಜಿನಿಯರ್ ಹುಡುಗನ್ನ ಹೋಗಿ ಕೇಳು, ಅವನು ಅಕ್ಕಯಮ್ಮನ ತಮ್ಮ, ನಮ್ಮ ಗಲ್ಲಿಯೋನೇ ಅಂತ. ನಿಮ್ಮ ಮೇಷ್ಟ್ರು ಸರಿಯಿಲ್ಲ ಸ್ವಾಮಿ. ಅವ್ರಿಗೆ ಸ್ಪೆಷಲ್ ಟೀ ನಾನೇ ತಂದ್ಕೊಟ್ಟೆ. ಕುಡಿದು ಹಿಂಗ್ ಮಾಡೋದಾ?"

ಈಗ ಹೇಳಬೇಕಿತ್ತು. ಮೇಷ್ಟ್ರಲ್ಲ, ನಾನು ಎಂದು ಎರಡೇ ಮಾತು. ಬಾಯಿ ತೆರೆದ. "ಅವ್ರು ಸ್ವಲ್ಪ ಸ್ಟ್ರಿಕ್ಟು" ಎಂದು ಬಂತು ಬಾಯಿಂದ.

"ಸ್ಟ್ರಿಕ್ಟು ಇರ್ಲಿ. ಕೆಂಡ ಏನು, ಸುಟ್ಟು ಹೋಗಿದ್ದು. ಕಳ್ಳತನಾನಾ ಅದು? ಅದಕ್ಕೆ ನೀರು ಹಾಕಿದ್ರೆ ಇದ್ದಲಾಗತ್ತೆ, ಚೀಲಕ್ಕೆ ತುಂಬಿ ಮಾರಬಹುದು ಅಂತ ಧಣಿಗೆ ಈಗ ಗೊತ್ತಾಗಿದೆ. ಮುಂಚೆ ಗೊತ್ತಿರ್ಲಿಲ್ಲ, ಪಾಪ." ಅಸ್ಗರ್ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಅವನ ಮುಂದಿದ್ದ ಕಾಗದವನ್ನು ನೋಡಿದ. "ನೀವು ಒಂದು ಒಳ್ಳೆ ಮಾತು ಬರೀರಿ. ಅಸ್ಗರ್ ಬಾಯ್ಲರ್ ಚೆನ್ನಾಗಿ ಇಟ್ಟಿದ್ದಾನೆ, ಕೆಂಡ ಗಿಂಡ ಏನೂ ಇಲ್ಲ ಅಂತ. ನಿಮ್ಮ ಕೈಲಿದೆ ಪೆನ್ನು."

"ಬರೀತೀನಿ" ಎಂದ ಕೋನಪ್ಪ.

"ಕಸಮ್?"

"ಬರೀತೀನಿ ಅಂದ್ನಲ್ಲ."

ಅಸ್ಗರ್ ಎದ್ದು ಹೋಗುವಾಗ ಎರಡೂ ಕೈ ಎತ್ತಿ ಸಲಾಮು ಮಾಡಿದ. ವಯಸ್ಸಿನಲ್ಲಿ ಅಪ್ಪನಂಥವನು. ಆ ಸಲಾಮು ಕೋಣೆಯೊಳಗೆ ಬಂದು ಕೂತು ಹೊರಗೆ ಹೋಗಲೊಲ್ಲದು. ಕೋನಪ್ಪನಿಗೆ ಅವನ ಮೇಲೆ ಸಿಟ್ಟು ಬಂತು. ಯಾಕೆ ಬಂದ? ಬಾರದಿದ್ದರೆ ತಾನು ಹೇಡಿಯಾದದ್ದು ತನಗೊಬ್ಬನಿಗೇ ಗೊತ್ತಿರುತ್ತಿತ್ತು.

ಆಮೇಲೆ ಬರೆಯತೊಡಗಿದ. ಉದ್ದೇಶ, ಉಪಕರಣಗಳು, ವಿಧಾನ ಸರಾಗವಾಗಿ ಹೋದವು. ಶಾಖದ ಲೆಕ್ಕದ ಪುಟಕ್ಕೆ ಬಂದು ನಿಂತ. ಕೆಂಡದ ಸಾಲನ್ನು ಬಿಟ್ಟರೆ ಅಷ್ಟೂ ಶಾಖ ಅನಾಥವಾಗಿ ನಡುವೆ ನಿಲ್ಲುತ್ತದೆ. ಲೆಕ್ಕಕ್ಕೆ ಸಿಗದ ನಷ್ಟಕ್ಕೆ ತಳ್ಳೋಣವೆಂದರೆ, ಅಷ್ಟು ದೊಡ್ಡ ಅಂಕಿ ನೋಡಿದರೆ ವೆಂಕಟರಾಮಪ್ಪನವರು ಹಿಡಿಯದೆ ಇರುವುದಿಲ್ಲ. ಎಲ್ಲರ ಮುಂದೆ ಎದ್ದು ನಿಲ್ಲಿಸಿದವರು ಎಲ್ಲರ ಮುಂದೆಯೇ ಕೂರಿಸುತ್ತಾರೆ. ನೀನೂ ಎಲ್ಲರಂತೆಯೇ ಏನಯ್ಯಾ ಎನ್ನುತ್ತಾರೆ. ಒಬ್ಬನ ಅನ್ನ ಹೋಗುವುದಕ್ಕಿಂತ ತನ್ನನ್ನು ಹೊಗಳಿದ ಬಾಯಿ ತೆಗಳೀತೆಂಬುದು ದೊಡ್ಡದಾಗಿ ಕಾಣುತ್ತಿದೆಯಲ್ಲ, ತಾನು ಎಂಥ ಜಂತು? ಅಂದು ಅಷ್ಟು ನಿಷ್ಠೆಯಿಂದ ತೂಗಿದ್ದು ಸತ್ಯದ ಮೇಲಿನ ಪ್ರೀತಿಯಿಂದಲೇ? ಅಲ್ಲ. ಕರ್ಚೀಫು ಹಿಡಿದ ಆ ಹುಡುಗರ ಸಾಲಿನಲ್ಲಿ ನಿಲ್ಲುವುದಕ್ಕೆ. ಓಡು ಹಿಡಿದವರ ಸಾಲಿನವನು ತಾನಲ್ಲ ಎಂದು ತೋರಿಸುವುದಕ್ಕೆ, ಅವರನ್ನೇ ತಕ್ಕಡಿಗೆ ಹಾಕಿದ.

ಬೇರೆ ಉಪಾಯವಿತ್ತು, ಕ್ಲಾಸಿನ ಎಲ್ಲರಿಗೂ ಕರತಲಾಮಲಕವಾದ ಉಪಾಯ. ಅಂಕಿಗಳನ್ನು ಬೇಯಿಸುವುದು. ಹೊಗೆಯ ಕಾವನ್ನು ಒಂದಿಷ್ಟು ಏರಿಸಿದ. ಕೊಳವೆಯಲ್ಲಿ ಹೋದ ಶಾಖ ಹೆಚ್ಚಾಯಿತು. ಸೌದೆ ಹಸಿಯಾಗಿತ್ತೆಂದು ಮಾಡಿದ. ಅದರ ನೀರನ್ನು ಆವಿ ಮಾಡಲು ಇನ್ನೊಂದಿಷ್ಟು ಶಾಖ ಹೋಯಿತು. ಬೂದಿಗೊಂದಿಷ್ಟು. ಕೆಂಡವನ್ನು ಹೀಗೆ ತುಣುಕು ತುಣುಕು ಮಾಡಿ ಬೇರೆ ಬೇರೆ ಸಾಲುಗಳಲ್ಲಿ ಹುದುಗಿಸಿ ಕೂಡಿದ. ಸರಿಯಾಗಿ ಕೂಡಿತು. ರಫ್ ಕಾಪಿಗಿಂತ ಚೆನ್ನಾಗಿಯೇ ಕೂಡಿತು. ನಿಜವನ್ನು ಕೂಡಿಸುವುದಕ್ಕೆ ಅವನು ಒಂದು ವಾರ ಒದ್ದಾಡಿದ್ದ, ಸುಳ್ಳು ಒಂದು ಮಧ್ಯಾಹ್ನದಲ್ಲಿ ಕೂಡಿತು. ಕೆಂಡವಿಲ್ಲ, ಓಡುಗಳಿಲ್ಲ, ಸಾಲಿನಲ್ಲಿ ಅಕ್ಕ ಇಲ್ಲ. ವೆಂಕಟರಾಮಪ್ಪನವರು ಕೇಳಿದರೆ, ರಫ್ ಕಾಪಿಯಲ್ಲಿ ತೂಕ ತಪ್ಪಾಗಿತ್ತು ಸಾರ್ ಎಂದರಾಯಿತು. ಬೈಗುಳ ಬಿದ್ದರೆ ಬೀಳಲಿ. ಈ ಯೋಚನೆ ಬಂದಾಗ ಅವನಿಗೆ ಎಷ್ಟೋ ದಿನದ ಮೇಲೆ ಎದೆ ಹಗುರಾಯಿತು. ಅಸ್ಗರ್ ಮತ್ತೆ ಒಲೆಯ ಮುಂದೆ ಕೊಕ್ಕೆ ಹಿಡಿದು ನಿಂತದ್ದನ್ನು, ಹೆಂಗಸರು ನಗುತ್ತ ಓಡು ಚಾಚುವುದನ್ನು ಕಲ್ಪಿಸಿಕೊಂಡ. ಶಾಯಿ ಆರಲೆಂದು ಊದಿದ. ತಲೆ ಬಾಚಿಕೊಂಡು ಹೊರಟ.

ನರಸಿಂಹಪ್ಪನವರು ಆಫೀಸಿನ ಕೋಣೆಯಲ್ಲಿ ಶಾಲು ಹೊದ್ದು ಕೂತಿದ್ದರು. ಕೆಟ್ಟ ಮನುಷ್ಯರಲ್ಲ. ಅವನನ್ನು ಕುರ್ಚಿಯಲ್ಲಿ ಕೂರಿಸಿದರು, ಕಾಫಿ ತರಿಸಿದರು. ಅವನು ರಿಪೋರ್ಟನ್ನು ಕೊನೆಯ ಪುಟಕ್ಕೆ ತೆಗೆದು ಅವರ ಮುಂದಿಟ್ಟ. ಅವರು ಪುಟವನ್ನು ನೋಡದೆ, "ರುಜು ಎಲ್ಲಿ ಹಾಕಬೇಕಪ್ಪಾ?" ಎಂದರು.

"ಓದಿ ನೋಡಿ ಸಾರ್. ಮುಂಚೆ ಬರೆದದ್ದರಲ್ಲಿ ಸ್ವಲ್ಪ ತಪ್ಪಿತ್ತು. ಈಗ ಸರಿ ಮಾಡಿದ್ದೀನಿ."

"ಇಂಗ್ಲಿಷು ನಾನೇನು ಓದ್ಲಿ? ಮೇಷ್ಟ್ರು ಎಲ್ಲಾ ಬಿಡಿಸಿ ಹೇಳವ್ರೆ." ಅವನು ಬೆರಳಿಟ್ಟು ತೋರಿಸಿದ ಜಾಗದಲ್ಲಿ ರುಜು ಹಾಕಿದರು. "ನಾವು ಇಷ್ಟು ವರ್ಷ ಕಣ್ಣು ಮುಚ್ಕೊಂಡಿದ್ವಿ. ನೀನು ಬಂದು ಬಿಡಿಸ್ದೆ. ವಿದ್ಯೆ ಅಂದ್ರೆ ಹಂಗಿರ್ಬೇಕು."

"ಸಾರ್, ಆ ಅಸ್ಗರ್..."

"ಅವನ ಮಾತು ಬಿಡು. ಚಿಂತಾಮಣಿ ಕಡೆಯಿಂದ ಬೇರೆ ಆಳು ಬಂದಾಯ್ತು, ನಿನ್ನೇನೆ."

ಕೋನಪ್ಪನ ಬಾಯಲ್ಲಿ ಒಂದು ವಾಕ್ಯ ಸಿದ್ಧವಾಗಿತ್ತು. ದಾರಿಯುದ್ದಕ್ಕೂ ಅದನ್ನು ಹೇಳಿಕೊಂಡೇ ಬಂದಿದ್ದ: ಅವನದೇನೂ ತಪ್ಪಿಲ್ಲ ಸಾರ್, ಕೆಂಡದಿಂದ ನಷ್ಟವಿಲ್ಲ. ಕಾಫಿ ಬಿಸಿಯಾಗಿತ್ತು, ಲೋಟ ಬೆಳ್ಳಿಯದು. ಧಣಿ ತನ್ನನ್ನು ಕುರ್ಚಿಯಲ್ಲಿ ಕೂರಿಸಿದ್ದಾರೆ. "ಸರಿ ಸಾರ್" ಎಂದ.

"ಇನ್ನೊಂದು ವಿಷಯ. ನಮ್ಮ ಅಕ್ಕಯಮ್ಮ ನಿನ್ನ ಒಡಹುಟ್ಟಿದೋಳಂತಲ್ಲಾ? ಅವತ್ತು ಒಂದು ಮಾತು ಹೇಳಬಾರ್ದಾ ನೀನು? ಅವಳಂತೂ ಅವತ್ತೇ ಎಲ್ರಿಗೂ ಹೇಳ್ಕೊಂಡು ಓಡಾಡಿದ್ಲಂತೆ, ಆ ಪೆನ್ಸಿಲ್ ಹಿಡ್ಕೊಂಡು ಬರೀತಾ ಇದ್ದೋನು ನನ್ನ ತಮ್ಮ ಅಂತ." ಅವರು ನಕ್ಕರು. "ಇರ್ಲಿ ಬಿಡು. ಅವಳಿಗೇನು ಬೇಕೋ ನಾನು ನೋಡ್ಕೋತೀನಿ."

ಅವನು ರಿಪೋರ್ಟು ಎತ್ತಿಕೊಂಡು ಹೊರಗೆ ಬಂದ. ಬರೆದವನು ತಾನೇ ಎಂದು ಅಕ್ಕನಿಗೆ ಗೊತ್ತಿತ್ತು. ಮೊದಲ ದಿನದಿಂದ ಗೊತ್ತಿತ್ತು. ಮೇಷ್ಟ್ರು ಬರ್ದವ್ರಂತಪ್ಪಾ ಎಂದು ಅವಳು ಹೇಳಿದ್ದು ಅವನು ತಲೆಯೆತ್ತಿ ಊಟ ಮಾಡಲಿ ಎಂದು. ಗಲ್ಲಿಯ ಹೆಂಗಸರಿಗೂ ಗೊತ್ತಿತ್ತು. ನಲ್ಲಿಯ ಹತ್ತಿರ ಅವನನ್ನು ಕಂಡರೆ ಅವರು ಮಾತು ನಿಲ್ಲಿಸುತ್ತಿದ್ದದ್ದು ಓದಿದವನೆಂಬ ಮರ್ಯಾದೆಗೆಂದು ಅವನು ತಿಳಿದಿದ್ದ. ಗೊತ್ತಿಲ್ಲದವನು ಅಸ್ಗರ್ ಒಬ್ಬನೇ. ಅಥವಾ ಅವನಿಗೂ ಗೊತ್ತಿತ್ತೇ? ಗೊತ್ತಿದ್ದೂ ಹೊಸಲಿನ ಹೊರಗೆ ಕೂತು ಮೇಷ್ಟ್ರನ್ನು ಬೈದನೇ? ಕೋನಪ್ಪ ಗಲ್ಲಿಯೊಳಗೆ ತಲೆ ತಗ್ಗಿಸಿ ಬೇಗ ಬೇಗ ನಡೆದ. ಎದುರು ಮನೆಯ ಗಂಗುಲಮ್ಮನ ಮಗು ಒಳಗೆ ಕೆಮ್ಮುತ್ತಿತ್ತು. ಅವಳ ಮನೆಯಲ್ಲೂ ಹುಳು ಜ್ವರಕ್ಕೆ ಮಲಗಿದ್ದವು. ರಿಪೋರ್ಟನ್ನು ಚಾಪೆಯ ಮೇಲೆ ಹಾಕಿ, ದೀಪ ಹಚ್ಚದೆ, ಅಟ್ಟಣೆಗೆ ಒರಗಿ ಕೂತ.

ಸಂಜೆ ಫಿಲೇಚರು ಬಿಟ್ಟ ಹೆಂಗಸರು ಗಲ್ಲಿಗೆ ಬಂದದ್ದು ಕೇಳಿಸಿತು. ದಿನಾ ಮಾತಾಡಿಕೊಂಡು ಬರುವವರು ಈ ದಿನ ಮಾತಾಡುತ್ತಿರಲಿಲ್ಲ. ಬಳೆಯ ಸದ್ದು, ಚಪ್ಪಲಿಯ ಸದ್ದು ಅಷ್ಟೇ. ಅವರೆಲ್ಲ ಹೋದ ಎಷ್ಟೋ ಹೊತ್ತಿಗೆ ಅಕ್ಕ ಒಬ್ಬಳೇ ಬಂದಳು. ಅವಳ ಎರಡೂ ಕೈಯಲ್ಲಿ ಬೂದಿ ಮುಚ್ಚಿದ ಓಡು. ಬೂದಿ ಸರಿದಲ್ಲಿ ಕೆಂಪು ಕಾಣುತ್ತಿತ್ತು. ಅವಳು ಅವನನ್ನು ದಾಟಿ ಹೋಗಿ, ಅಟ್ಟಣೆಯ ಕೆಳಗೆ ಓಡನ್ನಿಟ್ಟು, ಕೂತು ಮೆಲ್ಲಗೆ ಊದಿದಳು.

"ಮತ್ತೆ ಕೊಡೋಕೆ ಶುರು ಮಾಡಿದ್ರಾ ಅಕ್ಕಾ?" ಅವನ ದನಿಯಲ್ಲಿ ಆಸೆ ಇತ್ತು.

"ನಂಗೊಬ್ಬಳಿಗೆ."

ಅವನು ಓಡಿನ ಹತ್ತಿರವಿದ್ದ ಕಾಲನ್ನು ಹಿಂದಕ್ಕೆ ಎಳೆದುಕೊಂಡ.

"ಧಣಿಗಳೇ ಬಂದು ನಿಂತಿದ್ರು ಕಣಪ್ಪ. ಇಂಜಿನಿಯರ್ ಅಕ್ಕನಿಗೆ ಹಾಕು ಅಂತ ಆ ಹೊಸಬನಿಗೆ ಹೇಳಿದ್ರು. ಗಂಗುಲಮ್ಮ ನನ್ನ ಹಿಂದೇನೇ ಇದ್ಲು. ನಂಗೆ ಹಾಕಿ, ಮಿಕ್ಕಿದ್ದಕ್ಕೆ ನೀರು ಸುರಿದ್ರು."

"ಬೇಡ ಅನ್ನಬೇಕಾಗಿತ್ತು ನೀನು."

"ಅಂದು?" ಅಕ್ಕ ಒಂದು ತಟ್ಟೆಯನ್ನು ಕೆಳಗೆ ಸರಿಸಿ, ಬಗ್ಗಿ, ಹುಳುಗಳ ಮೇಲೆ ಬೆರಳ ಹಿಂಬದಿಯನ್ನು ಹಿಡಿದು ಕಾವು ನೋಡಿದಳು. ನೀರಿನಲ್ಲಿ ನೆನೆದು ಬಿಳಿಚಿದ ಬೆರಳು. "ಇವು ಸತ್ರೆ ನಿನ್ನ ಪರೀಕ್ಷೆ ಫೀಜು ಯಾರು ಕಟ್ತಾರೆ?"

ಕೋಣೆ ಬೆಚ್ಚಗಾಗತೊಡಗಿತು. ಆ ಕಾವು ಅವನ ಅಂಗಾಲಿಗೆ ಬಂತು, ಮೊಣಕಾಲಿಗೆ ಬಂತು. ಬೇಡವೆಂದರೂ ಬಂತು. ಹಿತವಾಗಿತ್ತು. ಹಿತವಾಗಿದೆಯಲ್ಲ ಎಂದು ಅವನಿಗೆ ಅಳು ಬಂತು, ಅಕ್ಕನಿಗೆ ಕೇಳಿಸದ ಹಾಗೆ ನುಂಗಿಕೊಂಡ. ತೆರೆದ ಬಾಗಿಲಿನಾಚೆ, ಎದುರಿನ ಜಗಲಿಯ ಮೇಲೆ ಗಂಗುಲಮ್ಮ ಖಾಲಿ ಓಡನ್ನು ಇನ್ನೂ ಕೆಳಗಿಡದೆ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ನಿಂತು ಒಳಗೆ ನೋಡುತ್ತಿದ್ದಳು. ಬೈಯುತ್ತಿರಲಿಲ್ಲ. ಬರೀ ನೋಡುತ್ತಿದ್ದಳು.

"ಬಾಗ್ಲು ಹಾಕಪ್ಪಾ" ಎಂದಳು ಅಕ್ಕ, ತಿರುಗಿ ನೋಡದೆ. "ಶಾಖ ಹೊರಗೆ ಹೋಗತ್ತೆ."

ಕೋನಪ್ಪ ಎದ್ದು ಹೋಗಿ ಬಾಗಿಲು ಹಾಕಿದ.